ತೊಗಟೆಯೊಳಗಿನ ದಾರಿ



ಪೇರಲೆಗೆ ಗೂಟಿ ಕಟ್ಟುವ ಕ್ರಮ ಮಲೆನಾಡಿನ ತೋಟಗಳಿಗೆ ಹೊಸತಲ್ಲ. ಬಲಿತ ರೆಂಬೆಯಲ್ಲಿ ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಬಿಡಿಸಿ, ಒದ್ದೆ ಪಾಚಿ ಸುತ್ತಿ ಕಟ್ಟುತ್ತಾರೆ. ತೊಗಟೆ ಹೋದರೂ ರೆಂಬೆಯ ಎಲೆ ಬಾಡುವುದಿಲ್ಲ. ಬೇರು ಒಡೆಯುವುದು ಗಾಯದ ಮೇಲಂಚಿನಲ್ಲಿ, ಕೆಳಗಿನ ಅಂಚಿನಲ್ಲಲ್ಲ. ಈ ಎರಡು ಸಂಗತಿಗಳ ಕಾರಣವನ್ನು ಅರಿತರೆ ಮರದೊಳಗಿನ ಸಾಗಾಟವೇ ಅರ್ಥವಾಗುತ್ತದೆ.

ನೀರು ಏರುವುದು ತೊಗಟೆಯಲ್ಲಲ್ಲ, ಕಟ್ಟಿಗೆಯಲ್ಲಿ. ಅಲ್ಲಿರುವ ಕ್ಸೈಲಮ್ ನಾಳಗಳು ಸತ್ತ ಕೋಶಗಳ ಟೊಳ್ಳು ಕೊಳವೆಗಳು. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳು ದಾರದಂತೆ ಮೇಲಕ್ಕೆ ಸೆಳೆಯಲ್ಪಡುತ್ತವೆ. ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ 1894ರಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ.

ಸಕ್ಕರೆಯ ದಾರಿ ಬೇರೆ. ತೊಗಟೆಯ ಒಳಮೈಯಲ್ಲಿರುವ ಫ್ಲೋಯಮ್ ಎಂಬ ತೆಳುಪದರವೇ ಅದು. ಇದರ ಕೋಶಗಳು ಜೀವಂತ. ಎಲೆ ತಯಾರಿಸಿದ ಸಕ್ಕರೆ ಇಲ್ಲಿ ತುಂಬಿದಾಗ ಪಕ್ಕದ ಕ್ಸೈಲಮ್‌ನಿಂದ ನೀರು ನುಗ್ಗಿ ಒತ್ತಡ ಏರುತ್ತದೆ. ಬೇರು, ಕಾಯಿ, ಚಿಗುರುಗಳು ಸಕ್ಕರೆ ಪಡೆಯುವಲ್ಲಿ ಒತ್ತಡ ಇಳಿಯುತ್ತದೆ. ಈ ಅಂತರವೇ ರಸವನ್ನು ಹರಿಸುತ್ತದೆಂದು ಜರ್ಮನಿಯ ಅರಣ್ಯವಿಜ್ಞಾನಿ ಅರ್ನ್ಸ್ಟ್ ಮ್ಯೂಂಶ್ 1930ರಲ್ಲಿ ವಿವರಿಸಿದನು. ಬೈನೆಯ ಹೂಗೊನೆ ಕೊಯ್ದಲ್ಲಿ ತೊಟ್ಟಿಕ್ಕುವ ಸಿಹಿರಸವೂ ಫ್ಲೋಯಮಿನದೇ.

ರೆಂಬೆಗೆ ಹಿತವಾದ ಉಂಗುರ ಕಾಂಡಕ್ಕೆ ಮೃತ್ಯು. ಬುಡದ ಸುತ್ತ ತೊಗಟೆ ಕಿತ್ತ ಮರಕ್ಕೆ ನೀರೇನೋ ಏರುತ್ತದೆ, ಎಲೆ ಹಸುರಾಗಿಯೇ ಇರುತ್ತದೆ. ಇಳಿಯಬೇಕಾದ ಸಕ್ಕರೆ ಗಾಯದ ಮೇಲೆಯೇ ತಡೆದು ನಿಂತು ಆ ಅಂಚು ಉಬ್ಬುತ್ತದೆ. ಬೇರು ಕೂಡಿಟ್ಟ ಪಿಷ್ಟವನ್ನು ತಿಂದು ಮುಗಿಸಿ ಹಸಿವಿನಿಂದ ಸಾಯುತ್ತದೆ. ಆಮೇಲಷ್ಟೇ ನೆತ್ತಿ ಒಣಗುವುದು. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಕತ್ತಿ ಹಿಡಿದವನು ಅಷ್ಟರಲ್ಲಿ ಮರೆತುಹೋಗಿರುತ್ತಾನೆ. ಮರ ತಾನಾಗಿ ಒಣಗಿತೆಂಬ ಮಾತನ್ನು ಊರೂ ನಂಬುತ್ತದೆ. ಒಣಮರವೆಂದು ಗುರುತು ಹಾಕುವ ಮುನ್ನ ಬುಡದ ಸೊಪ್ಪು-ಕಸ ಸರಿಸಿ ನೋಡತಕ್ಕದ್ದು. ಉಂಗುರದ ಗಾಯವಿದ್ದು ಅದರ ಮೇಲಂಚು ಉಬ್ಬಿದ್ದರೆ, ಮರ ಜೀವಂತವಿದ್ದಾಗಲೇ ತೊಗಟೆ ಕಿತ್ತದ್ದಕ್ಕೆ ಅದು ಸಾಕ್ಷಿ. (ಅಡಿಕೆ, ತೆಂಗುಗಳಿಗೆ ಈ ಮಾತು ಹೊಂದದು, ಅವುಗಳ ನಾಳಗಳು ಕಾಂಡದ ತುಂಬ ಚದುರಿವೆ.)

ಔಷಧಿಯ ಬೇಡಿಕೆಯಿಂದ ಪಶ್ಚಿಮಘಟ್ಟದ ಅಶೋಕ ಮರವೂ ತೊಗಟೆ ಕಳೆದುಕೊಳ್ಳುತ್ತಿದೆ. ಒಂದೇ ಪಕ್ಕದಲ್ಲಿ, ಉದ್ದುದ್ದಕ್ಕೆ, ಕಿರಿದಾದ ಪಟ್ಟಿ ತೆಗೆದರೆ ಉಳಿದ ಪಕ್ಕದಿಂದ ಸಕ್ಕರೆ ಇಳಿದೀತು. ಸುತ್ತಲೂ ಸುಲಿದರೆ ದಾರಿಯೇ ಇಲ್ಲ.

ಗಾಯ ಹೊಸತಾದರೆ ಒಂದು ಉಪಾಯವುಂಟು. ಅದೇ ಜಾತಿಯ ಎಳೆಕಡ್ಡಿಗಳನ್ನು ಮೇಲಂಚಿನಿಂದ ಕೆಳಗಿನ ಅಂಚಿಗೆ ಸೇತುವೆಯಂತೆ ಕಸಿ ಮಾಡುವುದು ಹಣ್ಣಿನ ತೋಟಗಳಲ್ಲಿ ರೂಢಿಯಲ್ಲಿದೆ. ಕಡ್ಡಿಯ ಬುಡ ಕೆಳಕ್ಕೇ ಇರಬೇಕು, ತಲೆಕೆಳಗಾಗಬಾರದು.