ಕಡತಗಳಲ್ಲಿ ಊರನ್ನು ಹುಡುಕುವ ಬಗೆ



ಕೆನ್ ಥಾಂಪ್ಸನ್ ರಚಿಸಿ, 1973ರಲ್ಲಿ ಯುನಿಕ್ಸ್ ಬಳಗಕ್ಕೆ ದೊರೆತ ‘ಗ್ರೆಪ್’ ಎಂಬ ಸಾಧನವು ಕಡತಗಳಲ್ಲಿ ಪದವನ್ನಷ್ಟೇ ಅಲ್ಲ, ಪದದ ಮಾದರಿಯನ್ನೂ ಹುಡುಕಬಲ್ಲದು. ಆ ಮಾದರಿಯೇ ರೆಗ್ಯುಲರ್ ಎಕ್ಸ್‌ಪ್ರೆಶನ್. ವಿಭಕ್ತಿಪ್ರತ್ಯಯಗಳಿಂದ ರೂಪ ಬದಲಿಸುವ ನಮ್ಮ ನುಡಿಗೆ ಇದರ ಅಗತ್ಯ ಇಂಗ್ಲಿಷಿಗಿಂತಲೂ ಹೆಚ್ಚೆಂದು ನನ್ನ ಎಣಿಕೆ.

ನಿಮ್ಮ ಸಂಘದ ಸಂಚಿಕೆಗಳಲ್ಲಿ ‘ಊರು’ ಎಂದು ಹುಡುಕಿದರೆ ‘ಊರಿಗೆ’, ‘ಊರಲ್ಲಿ’ ದೊರೆಯವು. ‘ಊರ’ ಎಂದರೆ ಇವೆಲ್ಲ ದೊರೆಯುತ್ತವೆ. ಮೈಸೂರು ಮಾತ್ರ ಬಾರದು. ಯುನಿಕೋಡ್ ಸಂಕೇತದಲ್ಲಿ ಸ್ವರವಾದ ‘ಊ’ ಬೇರೆ, ವ್ಯಂಜನಕ್ಕೆ ಹತ್ತುವ ಕೊಂಬಿನಿಳಿ ಬೇರೆ. ಎರಡನ್ನೂ ಒಂದೇ ಚೌಕ ಆವರಣದೊಳಗಿರಿಸಿ, ಅದರ ಮುಂದೆ ‘ರ’ ಬರೆದರೆ ಮೈಸೂರು, ಮಂಗಳೂರುಗಳೂ ಸಾಲುಗಟ್ಟಿ ಬರುತ್ತವೆ. ಕರೆಯದ ನೆಂಟರಂತೆ ‘ದೂರ’, ‘ನೂರು’ ಸಹ ಬರುತ್ತವೆ. ಅವನ್ನು ಕಣ್ಣಿನಿಂದಲೇ ಸೋಸಬೇಕು.

ಆದರೆ 1990ರ ದಶಕದ ಕಡತಗಳ ಪಾಡು ಬೇರೆ. ಅಂದಿನ ಅನೇಕ ಫಾಂಟುಗಳಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿವೆ. ಪುಟದಲ್ಲಿ ಮೈಸೂರು ಕಣ್ಣಿಗೆ ಕಾಣುತ್ತಿದ್ದರೂ ಗಣಕವು ‘ಇಲ್ಲ’ವೆಂದೇ ಉತ್ತರಿಸುತ್ತದೆ. ಅಂಥ ಸಂಚಿಕೆಗಳನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಆ ಫಾಂಟುಗಳನ್ನು ಬಲ್ಲ ಹಿರಿಯರು ಈ ಸಭೆಯಲ್ಲಿರುವಾಗಲೇ.