ಹೆರಿಗೆಯ ಖರ್ಚು ಯಾವ ಮನೆಯದು?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನಗಳ ಚಿಂತನೆ ನಡೆಯುತ್ತದೆ. ಇವತ್ತು ನಾನು ಮಾತಾಡುವುದು ಬಸುರಿ ಹೆಣ್ಣುಮಗಳು ಮತ್ತು ಆರೋಗ್ಯ ವಿಮೆಯ ಬಗ್ಗೆ. ಇದು ವಿಮೆ ಏಜೆಂಟರ ವಿಷಯ, ಮಠದಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ಪೂಜ್ಯರ ಮುಂದೆ ನಮ್ಮ ಮನೆಯ ಕಥೆ ಹೇಳಿಕೊಂಡಾಗ ಅವರು, “ಮೇಷ್ಟ್ರೇ, ಇದನ್ನ ನನಗೊಬ್ಬನಿಗೇ ಹೇಳಬ್ಯಾಡ್ರಿ, ಗೋಷ್ಠಿಯೊಳಗ ಹೇಳ್ರಿ” ಅಂದರು. ಅದಕ್ಕಾಗಿ ನಿಂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಲೆಕ್ಕ ಬರುತ್ತದೆಂಬ ಹೆಮ್ಮೆ ಇತ್ತು. ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದೆವು. ಅಳಿಯಂದಿರು ಒಂದು ಕಂಪನಿಯಲ್ಲಿ ನೌಕರಿ. ಮಗಳಿಗೆ ದಿನ ನಿಂತ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಖರ್ಚು ತವರಿನವರದು. ಇದು ನಮ್ಮ ಕಡೆ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು. ಐದನೆಯ ತಿಂಗಳಲ್ಲಿ ಪರಿಚಯದ ಏಜೆಂಟರ ಹತ್ತಿರ ಮಗಳ ಹೆಸರಿಗೆ ಒಂದು ಪಾಲಿಸಿ ಮಾಡಿಸಿದೆ. “ಹೆರಿಗೀನೂ ಬರತೈತೇನ್ರಿ?” ಅಂತ ಕೇಳಿದ್ದೆ. “ಎಲ್ಲಾ ಬರತೈತ್ರಿ ಸರ್, ಚಿಂತಿ ಬಿಡ್ರಿ” ಅಂದರು. ನಾನು ಚಿಂತೆ ಬಿಟ್ಟೆ. ಪಾಲಿಸಿಯ ಪುಸ್ತಕವನ್ನೂ ಓದದೆ ಬಿಟ್ಟೆ. ಏಳನೆಯ ತಿಂಗಳಲ್ಲಿ ಭರ್ಜರಿಯಾಗಿ ಕುಬಸ ಮಾಡಿದೆವು. ಊರಿಗೆಲ್ಲ ಊಟ, ಬೀಗರಿಗೆಲ್ಲ ಬಟ್ಟೆ.

ಹೆರಿಗೆ ನಿರೀಕ್ಷೆಗಿಂತ ಮೂರು ವಾರ ಮೊದಲೇ ಆಯಿತು, ಸಿಜೇರಿಯನ್. ಕೂಸಿಗೆ ಉಸಿರಾಟದ ತೊಂದರೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಬಿಲ್ಲಿನ ಕಿಟಕಿಗೆ ಪಾಲಿಸಿ ಹಿಡಿದುಕೊಂಡು ಹೋದೆ. ಅಲ್ಲಿದ್ದ ಹುಡುಗ ಎರಡೇ ನಿಮಿಷ ನೋಡಿ, “ಇದರಾಗ ಹೆರಿಗಿ ಬರಂಗಿಲ್ಲ ಅಜ್ಜಾರ” ಅಂದ. ಆಮೇಲೆ ಅವನೇ ಕೇಳಿದ: “ನಿಮ್ಮ ಅಳಿಯಾರ ಕಂಪನಿ ವಿಮಾ ಇಲ್ಲೇನ್ರಿ?” ಇತ್ತು. ಅದರಲ್ಲಿ ಹೆರಿಗೆಗೆ ಮೊದಲ ದಿನದಿಂದಲೇ ರಕ್ಷಣೆ ಇತ್ತು. ನಾನು ಅಳಿಯಂದಿರನ್ನು ಕೇಳಿರಲಿಲ್ಲ. ಬೀಗರ ಮನೆಯ ದುಡ್ಡಿನ ವಿಚಾರ ಹೇಗೆ ಕೇಳುವುದು ಎಂಬ ಸಂಕೋಚ. ಅವರು ಹೇಳಿರಲಿಲ್ಲ, ಮಾವನವರು ನೋಡಿಕೊಳ್ಳುತ್ತಾರೆ ಎಂಬ ಪದ್ಧತಿ. ಆ ಆಸ್ಪತ್ರೆ ಅವರ ವಿಮೆಯ ಪಟ್ಟಿಯಲ್ಲಿರಲಿಲ್ಲ. ನಾವು ದುಡ್ಡು ಕಟ್ಟಿ, ಆಮೇಲೆ ಕಾಗದ ಕಳಿಸಿ, ತಾಯಿಯ ಖರ್ಚಿನ ಒಂದು ಭಾಗ ವಾಪಸ್ ಪಡೆದೆವು. ಕೂಸಿನ ಖರ್ಚು ಬರಲಿಲ್ಲ. ಕೂಸಿನ ಹೆಸರನ್ನು ಗೊತ್ತಾದ ದಿನಗಳೊಳಗೆ ಪಾಲಿಸಿಗೆ ಸೇರಿಸಬೇಕಿತ್ತು. ಬಾಣಂತನದ ಗಡಿಬಿಡಿಯಲ್ಲಿ ಆ ದಿನ ದಾಟಿತ್ತು. ನನ್ನ ಹೆಂಡತಿಯ ಬಂಗಾರ ಸೊಸೈಟಿಯಲ್ಲಿ ಅಡವು ಬಿತ್ತು. ಮೊಮ್ಮಗಳು ಈಗ ಆರೋಗ್ಯವಾಗಿದ್ದಾಳೆ. ಬಂಗಾರ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ತಪ್ಪು ಯಾರದು ಎಂದು ಬಹಳ ದಿನ ಯೋಚಿಸಿದೆ. ಏಜೆಂಟರದು ಇದ್ದೇ ಇದೆ. ಆದರೆ ದೊಡ್ಡ ತಪ್ಪು ನಮ್ಮದು. ಎರಡು ಮನೆಗಳು ಕುಬಸದ ಸೀರೆಯ ಬಗ್ಗೆ ಹತ್ತು ಸಲ ಫೋನು ಮಾಡಿದ್ದವು, ಹೆರಿಗೆಯ ಖರ್ಚಿನ ಬಗ್ಗೆ ಒಂದು ಸಲವೂ ಕೂತು ಮಾತಾಡಿರಲಿಲ್ಲ.

ಬಂಧುಗಳೇ, ಈಗ ತಿಳಿದ ಮಟ್ಟಿಗೆ ವಿಷಯವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಸಮಯ. ಬಸುರಿಯಾದ ಮೇಲೆ ಹೊಸದಾಗಿ ಕೊಂಡ ಸ್ವಂತ ಪಾಲಿಸಿ ಆ ಹೆರಿಗೆಗೆ ದುಡ್ಡು ಕೊಡುತ್ತದೆಂದು ನಂಬಬೇಡಿ. ಹೆರಿಗೆ ಸೌಲಭ್ಯವಿರುವ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಕೆಲವದರಲ್ಲಿ 9 ತಿಂಗಳು. ಹಲವು ಪಾಲಿಸಿಗಳಲ್ಲಿ 2 ವರ್ಷ ಅಥವಾ ಅದಕ್ಕಿಂತ ಹೆಚ್ಚು. ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆ ಸೌಲಭ್ಯವೇ ಇಲ್ಲ. 2020ರಲ್ಲಿ ಎಲ್ಲ ಕಂಪನಿಗಳೂ ಮಾರಬೇಕೆಂದು ತಂದ ‘ಆರೋಗ್ಯ ಸಂಜೀವಿನಿ’ ಎಂಬ ಮಾದರಿ ಪಾಲಿಸಿಯಲ್ಲೂ ಇಲ್ಲ. ಅಂಥ ಪಾಲಿಸಿಗಳ ‘ಹೊರಗಿಟ್ಟ ವಿಷಯಗಳು’ ಎಂಬ ಪಟ್ಟಿಯಲ್ಲಿ ಹೆರಿಗೆ, ಸಿಜೇರಿಯನ್, ಗರ್ಭಪಾತ ಎಲ್ಲವೂ ಒಂದೇ ಕಲಮಿನಲ್ಲಿ ಇರುತ್ತವೆ. ಗರ್ಭಕೋಶದ ಹೊರಗೆ ನಿಂತ ಬಸಿರಿನ ಚಿಕಿತ್ಸೆ ಆ ಕಲಮಿಗೆ ಹೊರತು. ನಾನು ಓದದೆ ಬಿಟ್ಟ ಪುಟ ಅದೇ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಬೇಡವೆಂದು ಹಿಂತಿರುಗಿಸುವ ಹಕ್ಕು ನಮಗಿದೆ. ಆ ದಿನಗಳಲ್ಲಾದರೂ ಆ ಪುಟ ಓದಿ, ಓದಲು ಬಾರದಿದ್ದರೆ ಓದಿಸಿ.

ಹಾಗಾದರೆ ಈಗಾಗಲೇ ಬಸುರಿಯಾಗಿರುವ ಮಗಳ ಗತಿಯೇನು? ಅವಳಿಗೆ ಬೇಕಾದದ್ದು ಹೊಸ ಪಾಲಿಸಿಯಲ್ಲ. ಈಗಾಗಲೇ ಅವಳದಾಗಿರುವ ಹಕ್ಕನ್ನು ಹುಡುಕಿಕೊಡುವುದು. ಅದಕ್ಕೆ ನಾಲ್ಕು ಬಾಗಿಲುಗಳಿವೆ.

ಒಂದನೆಯ ಬಾಗಿಲು ಗಂಡನ ಅಥವಾ ಅವಳದೇ ಕಂಪನಿಯ ಗುಂಪು ವಿಮೆ. ಅನೇಕ ಗುಂಪು ವಿಮೆಗಳಲ್ಲಿ ಕಾಯುವ ಅವಧಿಯನ್ನು ತೆಗೆದಿರುತ್ತಾರೆ. ಆದರೆ ಸಾಮಾನ್ಯವಾಗಿ ಹೆರಿಗೆಗೆಂದು ಬೇರೆ ಮಿತಿ ಇರುತ್ತದೆ. ಪಾಲಿಸಿ ಐದು ಲಕ್ಷದ್ದಿದ್ದರೂ ಹೆರಿಗೆಗೆ ಐವತ್ತು ಸಾವಿರವೇ ಇರಬಹುದು. ಮದುವೆಯಾದ ಮೇಲೆ ಹೆಂಡತಿಯ ಹೆಸರು ಸೇರಿದೆಯೇ ಎಂಬುದನ್ನೂ ನೋಡಬೇಕು.

ಎರಡನೆಯದು ಇ.ಎಸ್.ಐ. ಸದ್ಯ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ ನೌಕರರಿಗೆ ಇದು ಅನ್ವಯ. ನೌಕರನ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರಿಂದ ಮೂರೂಕಾಲು ರೂಪಾಯಿ ಸೇರುತ್ತದೆ. ನೌಕರನ ಹೆಂಡತಿಗೆ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಉಂಟು. ಹೆಣ್ಣುಮಗಳೇ ನೌಕರಿಯಲ್ಲಿದ್ದರೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದಷ್ಟೇ ಹಣವೂ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ತುಂಬಿರಬೇಕು. ಹೆರಿಗೆಗೆ ಮೊದಲು ನೌಕರಿ ಬಿಡಿಸಿ ಕರೆತರುವ ಮನೆಯವರು ಈ ಲೆಕ್ಕವನ್ನು ನೋಡದೆ ಬಿಡಿಸಬೇಡಿ.

ಮೂರನೆಯದು ಸರ್ಕಾರದ ಮತ್ತು ಸಹಕಾರಿ ಯೋಜನೆಗಳು. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ್ದನ್ನು ಅವರೇ ಬರೆದುಕೊಟ್ಟು ಖಾಸಗಿಗೆ ಕಳಿಸುತ್ತಾರೆ. ಇಲ್ಲಿ ಅನೇಕರು ಸಹಕಾರ ಸಂಘಗಳ ಸದಸ್ಯರಿದ್ದೀರಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಆರಂಭವಾದ ಯಶಸ್ವಿನಿ ಯೋಜನೆಯ ನೋಂದಣಿಗೆ ಕೊನೆಯ ದಿನಾಂಕ ಇರುತ್ತದೆ. ಸೊಸೆಯ ಹೆಸರು ಸೇರಿಸಿದ್ದೀರಾ, ಹೆರಿಗೆಯ ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಎಂದು ಸಂಘದ ಕಾರ್ಯದರ್ಶಿಯನ್ನು ಇವತ್ತೇ ಕೇಳಿ.

ನಾಲ್ಕನೆಯ ಬಾಗಿಲಿಗೆ ವಿಮೆಯೇ ಬೇಡ. ಅದು ಸರ್ಕಾರಿ ಆಸ್ಪತ್ರೆ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ ಉಚಿತ, ಸಿಜೇರಿಯನ್ ಉಚಿತ, ಔಷಧ, ಪರೀಕ್ಷೆ, ರಕ್ತ, ಊಟ ಉಚಿತ. ಕೂಸು ಕಾಯಿಲೆ ಬಿದ್ದರೆ ಅದರ ಚಿಕಿತ್ಸೆಯೂ ಉಚಿತ. ಕರೆತರಲು 108, ಬಾಣಂತಿಯನ್ನು ಮನೆಗೆ ಬಿಡಲು ‘ನಗು-ಮಗು’ ವಾಹನ. ತಿಂಗಳ 9ನೇ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆ. ಇದಕ್ಕೆಲ್ಲ ಆಶಾ ಕಾರ್ಯಕರ್ತೆಯ ಹತ್ತಿರ ಬೇಗ ಹೆಸರು ಬರೆಸಿ ತಾಯಿ ಕಾರ್ಡು ಮಾಡಿಸಿಕೊಂಡರೆ ಸಾಕು. ಖಾಸಗಿಯಲ್ಲಿ ಹೆರಿಗೆ ಮಾಡಿಸುವವರೂ ಈ ಕಾರ್ಡು ಮಾಡಿಸಿಕೊಳ್ಳಿ. ನಡುರಾತ್ರಿ ಜಿಲ್ಲಾ ಆಸ್ಪತ್ರೆಗೆ ಓಡಬೇಕಾದರೆ ಅವಳ ರಕ್ತದ ಗುಂಪು, ರಕ್ತದೊತ್ತಡ, ತಪಾಸಣೆಯ ವಿವರ ಎಲ್ಲ ಅದರಲ್ಲಿರುತ್ತವೆ.

“ಸರ್ಕಾರಿ ದವಾಖಾನಿಗೆ ಕಳಿಸಿದರ ಬೀಗರು ಏನಂತಾರು?” ಎಂಬ ಮಾತು ಈಗ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಹೆರಿಗೆಯಲ್ಲೂ ಮೇಲು ಕೀಳು ನೋಡುವ ಈ ಬುದ್ಧಿ ಶರಣರದಲ್ಲ. ನೋಡಬೇಕಾದದ್ದು ಬೇರೆ: ಅಲ್ಲಿ ತಜ್ಞ ವೈದ್ಯರು ರಾತ್ರಿಯೂ ಇರುತ್ತಾರೆಯೇ, ರಕ್ತ ಸಿಗುತ್ತದೆಯೇ, ಕೂಸಿನ ನಿಗಾ ಘಟಕ ಇದೆಯೇ. ಈ ಪ್ರಶ್ನೆಗಳನ್ನು ಖಾಸಗಿ ಆಸ್ಪತ್ರೆಗೂ ಕೇಳಬೇಕು.

ಇನ್ನು ಹೊಸದಾಗಿ ಮದುವೆಯಾದವರು, ಮದುವೆ ಗೊತ್ತಾದವರು. ನಿಮಗೆ ಪಾಲಿಸಿ ಆರಿಸಿಕೊಳ್ಳಲು ಸಮಯವಿದೆ. ಏಜೆಂಟರನ್ನು ಐದು ಪ್ರಶ್ನೆ ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಕೊಟ್ಟರೆ ಪಾಲಿಸಿಯ ಕಾಗದದಲ್ಲಿ ತೋರಿಸಿ ಎನ್ನಿ. ಹೆರಿಗೆಗೆ ಕಾಯುವ ಅವಧಿ ಎಷ್ಟು? ಸಹಜ ಹೆರಿಗೆಗೆ ಎಷ್ಟು, ಸಿಜೇರಿಯನ್‌ಗೆ ಎಷ್ಟು? ಕೂಸಿಗೆ ರಕ್ಷಣೆ ಹುಟ್ಟಿದ ದಿನದಿಂದಲೋ, 90 ದಿನಗಳ ನಂತರವೋ? ಕೊಠಡಿ ಬಾಡಿಗೆಗೆ ಮಿತಿ ಇದೆಯೇ? ತವರೂರಿನ ಯಾವ ಆಸ್ಪತ್ರೆ ನಿಮ್ಮ ಪಟ್ಟಿಯಲ್ಲಿದೆ?

ಇವುಗಳಲ್ಲಿ ಮೂರನೆಯದೇ ಮುಖ್ಯ. ಸಹಜ ಹೆರಿಗೆಯ ಖರ್ಚನ್ನು ನಾವು ಮೊದಲೇ ಊಹಿಸಬಹುದು, ಕೂಡಿಡಬಹುದು. ಹೆರಿಗೆ ಸೌಲಭ್ಯಕ್ಕಾಗಿ ವರ್ಷಗಟ್ಟಲೆ ಹೆಚ್ಚಿಗೆ ಕಟ್ಟುವ ಕಂತು ಒಟ್ಟಾಗಿ ಸಿಗುವ ಹಣಕ್ಕಿಂತ ಹೆಚ್ಚಾದರೆ ಅಂಚೆ ಕಚೇರಿಯ ಆರ್.ಡಿ.ಯೇ ವಾಸಿ. ಗಣಿತದ ಮೇಷ್ಟ್ರಾಗಿ ಹೇಳುತ್ತೇನೆ, ಕಾಗದದ ಮೇಲೆ ಬರೆದು ಕೂಡಿಸಿ ನೋಡಿ. ಊಹಿಸಲಾಗದ್ದು ಕೂಸಿನ ನಿಗಾ ಘಟಕದ ಖರ್ಚು. ವಿಮೆ ಇರಬೇಕಾದದ್ದು ಅದಕ್ಕೆ. ಇನ್ನು ಕೊಠಡಿಯ ವಿಷಯ: ಮಿತಿ ಮೀರಿದ ಕೊಠಡಿ ಹಿಡಿದರೆ ಎಷ್ಟೋ ಪಾಲಿಸಿಗಳಲ್ಲಿ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ಬಿಲ್ಲಿನ ಇತರ ಕೆಲವು ಬಾಬತ್ತುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ: ಹೆರಿಗೆಯ ಖರ್ಚು ಯಾವ ಮನೆಯದು?

ಮದುವೆಯಾದ ಮಗಳು ಸಾಮಾನ್ಯವಾಗಿ ತಂದೆಯ ವಿಮೆಯಿಂದ ಹೊರಗೆ. ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆದಿರುತ್ತಾರೆ, ಗಂಡನ ಮನೆಯದರಲ್ಲಿ ಇನ್ನೂ ಸೇರಿಸಿರುವುದಿಲ್ಲ. ಅವಳ ಹಕ್ಕೆಲ್ಲ ಗಂಡನ ಮನೆಯ ಕಾಗದದಲ್ಲಿ, ಅವಳ ದೇಹ ತವರಿನ ಊರಿನಲ್ಲಿ. ಎಲ್ಲರೂ ತನ್ನವಳು ಎನ್ನುವ ಹೆಣ್ಣುಮಗಳು ತನ್ನ ಬದುಕಿನ ಅತ್ಯಂತ ಕಷ್ಟದ ಗಳಿಗೆಯಲ್ಲಿ ಯಾವ ಮನೆಯ ಪಟ್ಟಿಯಲ್ಲೂ ಇಲ್ಲ. ತವರಿಗೆ ಬರುವುದು ತಪ್ಪಲ್ಲ. ತಾಯಿಯ ಆರೈಕೆಗೆ ಬೆಲೆ ಕಟ್ಟಲಾಗದು. ಆದರೆ ಹುಟ್ಟುವ ಕೂಸು ಎರಡೂ ಮನೆಯದಾದ ಮೇಲೆ ಖರ್ಚು ಹೆಣ್ಣು ಹೆತ್ತವರದು ಮಾತ್ರ ಎಂಬುದು ವರದಕ್ಷಿಣೆಯ ಇನ್ನೊಂದು ಕಂತು. ಇದನ್ನು ಹೇಳಲು ಅಂಜಬಾರದು.

ನಮ್ಮ ಧರ್ಮ ಈ ವಿಷಯದಲ್ಲಿ ಎಷ್ಟು ಮುಂದಿತ್ತು ನೋಡಿ. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ಅದರಲ್ಲಿ ಜನನಸೂತಕವೂ ಒಂದು. ಬಾಣಂತಿ ಅಶುದ್ಧಳಲ್ಲ, ಲಿಂಗಪೂಜೆಗೆ ಅಡ್ಡಿಯಿಲ್ಲ ಎಂದರು. ಎಂಟನೆಯ ತಿಂಗಳಿನಲ್ಲಿ ಗರ್ಭದ ಕೂಸಿಗೇ ಲಿಂಗಧಾರಣೆ ಮಾಡುವ ಸಂಸ್ಕಾರ ನಮ್ಮಲ್ಲಿದೆ. ಅದು ಗಂಡೋ ಹೆಣ್ಣೋ ತಿಳಿಯುವ ಮೊದಲೇ ನಾವು ಅದನ್ನು ಲಿಂಗವಂತ ಎಂದು ಒಪ್ಪಿಕೊಳ್ಳುತ್ತೇವೆ. ಹಾಗೆ ಒಪ್ಪಿಕೊಂಡ ಕೂಸಿಗೆ, ಅದನ್ನು ಹೊತ್ತ ತಾಯಿಗೆ ಆಸ್ಪತ್ರೆಯ ಬಾಗಿಲಲ್ಲಿ ಏನು ವ್ಯವಸ್ಥೆ ಇದೆ ಎಂದು ನೋಡದಿದ್ದರೆ ಆ ಸಂಸ್ಕಾರ ಶಾಸ್ತ್ರವಾಗಿ ಉಳಿಯುತ್ತದೆ. ಪಂಚಾಂಗ ನೋಡಿ ಸಿಜೇರಿಯನ್‌ಗೆ ಗಳಿಗೆ ಕೇಳುವವರೂ ನಮ್ಮಲ್ಲಿದ್ದಾರೆ. ದಿನ ನಿಶ್ಚಯಿಸಬೇಕಾದವರು ವೈದ್ಯರು.

ನನ್ನ ವಿನಂತಿ ಮೂರು. ಒಂದು, ಮದುವೆಯ ಮಾತುಕತೆಯಲ್ಲಿ ಬಂಗಾರ, ಛತ್ರದ ಮಾತಿನ ಜೊತೆ ಹುಡುಗ ಹುಡುಗಿಯ ಆರೋಗ್ಯ ವಿಮೆಯ ಮಾತೂ ಆಗಲಿ. ಮದುವೆಯಾದ ತಿಂಗಳೊಳಗೆ ಅವಳ ಹೆಸರು ರೇಷನ್ ಕಾರ್ಡು, ಇ.ಎಸ್.ಐ., ಕಂಪನಿ ವಿಮೆ, ಯಶಸ್ವಿನಿ, ಯಾವುದಿದೆಯೋ ಅದರಲ್ಲಿ ಸೇರಲಿ. ಎರಡು, ಗರ್ಭಲಿಂಗಧಾರಣೆಗೆ ಸೇರಿದ ದಿನ ಎರಡೂ ಮನೆಯವರು ಅರ್ಧ ಗಂಟೆ ಕೂತು ಯಾವ ಆಸ್ಪತ್ರೆ, ಯಾವ ಕಾರ್ಡು, ಅದು ಆಗದಿದ್ದರೆ ಯಾವ ಜಿಲ್ಲಾ ಆಸ್ಪತ್ರೆ, ಕೂಸಿನ ಹೆಸರನ್ನು ಎಷ್ಟು ದಿನದೊಳಗೆ ಯಾರು ಸೇರಿಸುತ್ತಾರೆ ಎಂದು ಬರೆದಿಡಲಿ. ಮೂರು, ಕುಬಸದ ಊಟದ ಖರ್ಚಿನಲ್ಲಿ ಅರ್ಧವನ್ನು ಉಳಿಸಿ ಬಾಣಂತಿಯ ಹೆಸರಿನಲ್ಲೇ ಬ್ಯಾಂಕಿನಲ್ಲಿಡಿ. ಅದೂ ದಾಸೋಹವೇ.

ನಮ್ಮ ಎರಡನೆಯ ಮಗಳಿಗೆ ಮೊನ್ನೆ ಮದುವೆ ಗೊತ್ತಾಯಿತು. ಬೀಗರು ಕೇಳಿದರು, “ಮೇಷ್ಟ್ರ, ನಿಮ್ಮದೇನರ ಬೇಡಿಕಿ ಐತೇನ್ರಿ?” ಈ ಐದು ಪ್ರಶ್ನೆಗಳ ಚೀಟಿ ಅವರ ಕೈಗೆ ಕೊಟ್ಟೆ. ಮೊದಲು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು, ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಚೀಟಿಯ ಪ್ರತಿಗಳನ್ನು ದಾಸೋಹ ಮನೆಯ ಬಾಗಿಲಲ್ಲಿ ಇಟ್ಟಿದ್ದೇವೆ. ಪ್ರಸಾದ ಮುಗಿಸಿ ಹೋಗುವಾಗ ಮನೆಗೊಂದು ಒಯ್ಯಿರಿ.