ಎಂಟು ಮಠ, ಎಂಟು ಊರು: ಉಡುಪಿ ಸೀಮೆಯ ಯಾತ್ರಾಪರಿಚಯ

(ವಾರ್ಷಿಕೋತ್ಸವದ ಅಂಗವಾಗಿ ಯಾತ್ರಾರ್ಥಿಗಳಿಗೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳಲ್ಲಿ ಅಷ್ಟಮಠಗಳ ಹೆಸರನ್ನು ಅರಿಯದವರು ವಿರಳ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂದು ಮನೆಯ ಮಕ್ಕಳೂ ಪರ್ಯಾಯದ ಕ್ರಮ ತಪ್ಪದೆ ಹೇಳಬಲ್ಲರು. ಆದರೆ ಈ ಎಂಟೂ ಊರುಗಳ ಹೆಸರುಗಳೆಂಬುದು, ಅವುಗಳನ್ನು ಕ್ರಮವಾಗಿ ಜೋಡಿಸಿದರೆ ಕರಾವಳಿಯ ಒಂದು ನಕ್ಷೆಯೇ ಸಿದ್ಧವಾಗುವುದೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಬೆಳಗಿನ ಜಾವ ರೈಲಿನಿಂದ ಇಳಿದು, ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ಅಂದೇ ಸಂಜೆ ಮರಳುವ ಯಾತ್ರೆಯಲ್ಲಿ ರಥಬೀದಿ ಕಾಣುತ್ತದೆ. ಉಡುಪಿ ಸೀಮೆ ಕಾಣುವುದಿಲ್ಲ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಿರಿಯರ ನಾಡು ಬರಿಯ ಒಂದು ಸರತಿ ಸಾಲಿನ ನೆನಪಾಗಿ ಉಳಿಯಬಾರದೆಂಬುದೇ ಈ ಪರಿಚಯದ ಆಶಯ.

ಮೊದಲು ನೆಲದ ಸ್ವರೂಪ. ಉಡುಪಿಯು ಮಂಗಳೂರಿನಿಂದ ಉತ್ತರಕ್ಕೆ 55ರಿಂದ 60 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ಅಂಚಿಗೆ ಸಮೀಪದಲ್ಲಿದೆ. 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಪಶ್ಚಿಮದಿಂದ ಪೂರ್ವಕ್ಕೆ ಸಾಗುವವರಿಗೆ ಇಲ್ಲಿ ಮೂರು ಬಗೆಯ ನೆಲ ಎದುರಾಗುತ್ತದೆ. ಕಡಲಂಚಿನಲ್ಲಿ ಮರಳು, ತೆಂಗು ಮತ್ತು ಗದ್ದೆ. ನಡುವೆ ಮುರಕಲ್ಲಿನ ಗುಡ್ಡಗಳು. ಕೊನೆಗೆ ಸಹ್ಯಾದ್ರಿಯ ದಟ್ಟ ಕಾಡು. ಮಣಿಪಾಲವು ಇಂತಹ ಮುರಕಲ್ಲಿನ ದಿಬ್ಬದ ಮೇಲೆಯೇ ಬೆಳೆದ ಊರು. ಉಡುಪಿಯಿಂದ ಸುಮಾರು 55 ಕಿ.ಮೀ. ಕ್ರಮಿಸಿದರೆ ಆಗುಂಬೆಯ ಘಟ್ಟದ ನೆತ್ತಿ, 600 ಮೀಟರಿಗೂ ಮಿಕ್ಕಿದ ಎತ್ತರ. ಕಡಲಿನಿಂದ ಬಂದ ಮೋಡಗಳು ಈ ಗೋಡೆಗೆ ತಡೆದು ಸುರಿಯುವುದರಿಂದ ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆಯಾಗುತ್ತದೆ, ಆಗುಂಬೆಯಲ್ಲಿ ಸಾಮಾನ್ಯವಾಗಿ 7,000 ಮಿ.ಮೀ. ದಾಟುತ್ತದೆ.

ಇಷ್ಟು ಮಳೆಯ ನಾಡಿನಲ್ಲಿಯೂ ಬೇಸಗೆಯ ಕೊನೆಗೆ ನೀರಿನ ಅಭಾವ ತಲೆದೋರುವುದುಂಟು. ಇಲ್ಲಿಯ ನದಿಗಳು ಚಿಕ್ಕವು. ಘಟ್ಟದಿಂದ ಇಳಿದವು ಬೇಗನೆ ಕಡಲನ್ನು ಸೇರಿಬಿಡುತ್ತವೆ. ಮುರಕಲ್ಲಿನ ನೆಲವೂ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ನಗರಕ್ಕೆ ನೀರು ಬರುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ; 2019ರ ಬೇಸಗೆಯಲ್ಲಿ ಅದು ಬತ್ತಿ ಊರು ಬಹಳ ಕಷ್ಟಪಟ್ಟಿತು. ಏಪ್ರಿಲ್–ಮೇ ತಿಂಗಳಲ್ಲಿ ಹೋಗುವವರು ಛತ್ರಗಳಲ್ಲಿ ನೀರನ್ನು ತೀರ್ಥದಂತೆ ಮಿತವಾಗಿ ಬಳಸುವುದು ಧರ್ಮವೇ ಸರಿ.

ಇನ್ನು ಎಂಟು ಊರುಗಳ ವಿಚಾರ. ಉಡುಪಿಯಿಂದ ದಕ್ಷಿಣಕ್ಕೆ ಹೊರಟರೆ ಪಡುಬಿದ್ರಿಯ ಆಸುಪಾಸಿನಲ್ಲಿ ಅದಮಾರು ಮತ್ತು ಪಲಿಮಾರು. ಮುಂದೆ ಸುರತ್ಕಲ್ಲಿನ ಬಳಿ ಕೃಷ್ಣಾಪುರ. ಮಂಗಳೂರು ವಿಮಾನ ನಿಲ್ದಾಣದ ಸಮೀಪದಲ್ಲಿ ಪೇಜಾವರ. ವಿಮಾನದಲ್ಲಿ ಬರುವ ಯಾತ್ರಾರ್ಥಿ ಮೊದಲು ಕಾಲಿಡುವುದು ಅಷ್ಟಮಠಗಳ ಊರೊಂದರ ಮಗ್ಗುಲಿಗೇ. ಉಡುಪಿಯ ಪೂರ್ವಕ್ಕೆ ಹಿರಿಯಡ್ಕದ ಕಡೆ ಪುತ್ತಿಗೆ ಮತ್ತು ಶೀರೂರು. ಶೀರೂರಿನ ಮೂಲಮಠ ಸ್ವರ್ಣೆಯ ದಡದಲ್ಲಿದೆ. ದೂರದ ಆಗ್ನೇಯಕ್ಕೆ ಕುಮಾರಧಾರೆಯ ತೀರದಲ್ಲಿ ಕಾಣಿಯೂರು. ಎಂಟನೆಯದಾದ ಸೋದೆ ಮಾತ್ರ ಘಟ್ಟದ ಮೇಲೆ, ಉತ್ತರ ಕನ್ನಡದ ಶಿರಸಿಯ ಬಳಿ. ಅಲ್ಲಿ ಶ್ರೀ ವಾದಿರಾಜರ ವೃಂದಾವನವಿದೆ. ಆ ಮಠಕ್ಕೆ ಹಿಂದೆ ಇದ್ದ ಕುಂಭಾಸಿ ಎಂಬ ಹೆಸರೂ ಊರಿನದೇ. ಕುಂಭಾಸಿಯು ಉಡುಪಿಯಿಂದ ಉತ್ತರಕ್ಕೆ, ಕುಂದಾಪುರದ ದಾರಿಯಲ್ಲಿದೆ. ಹೀಗೆ ಕಡಲಂಚು, ನಡುನಾಡು, ನದೀತೀರ, ಘಟ್ಟ ಎಲ್ಲವೂ ಈ ಎಂಟು ಹೆಸರುಗಳಲ್ಲಿ ಅಡಗಿವೆ.

ಕ್ಷೇತ್ರದ ಕಥೆ ಆರಂಭವಾಗುವುದೇ ಕಡಲಿನಿಂದ. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಬಳಿ ಅಪಾಯಕ್ಕೆ ಸಿಲುಕಿದಾಗ, ದಡದಲ್ಲಿದ್ದ ಶ್ರೀಮದಾಚಾರ್ಯರು ಉತ್ತರೀಯವನ್ನು ಬೀಸಿ ಅದನ್ನು ಪಾರುಗಾಣಿಸಿದರೆಂದೂ, ನಾವಿಕನು ಅರ್ಪಿಸಿದ ಗೋಪೀಚಂದನದ ಗಡ್ಡೆಯಲ್ಲಿ ಮೂರ್ತಿ ದೊರೆಯಿತೆಂದೂ ಸಂಪ್ರದಾಯ ಹೇಳುತ್ತದೆ. ಬಲರಾಮನು ನೆಲೆಸಿದ್ದು ಮಲ್ಪೆಯ ವಡಭಾಂಡೇಶ್ವರದಲ್ಲಿ, ಶ್ರೀಕೃಷ್ಣನು ಉಡುಪಿಯಲ್ಲಿ. ಎರಡರ ನಡುವೆ ಇರುವುದು ಆರು ಕಿ.ಮೀ. ಮಾತ್ರ. ಆದರೂ ಕೃಷ್ಣನನ್ನು ಕಂಡು ಅಣ್ಣನನ್ನು ಕಾಣದೆ ಹಿಂದಿರುಗುವವರೇ ಹೆಚ್ಚು.

ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪದ ಕಂಬದಂತಹ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸದಿಂದ ಉಂಟಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಂಧೇರಿಯ ಗಿಲ್ಬರ್ಟ್ ಹಿಲ್ಲನ್ನು ನೋಡಿರುವ ಮುಂಬಯಿಯ ಮಕ್ಕಳಿಗೆ ಇಂತಹ ಕಂಬಗಲ್ಲಿನ ಪರಿಚಯವಿದೆ. ದ್ವೀಪದ ಶಿಲೆಗಳು ಅದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಹಿರಿಯವು.

ಆಚಾರ್ಯರ ಅವತಾರಭೂಮಿಯಾದ ಪಾಜಕವು ಉಡುಪಿಯಿಂದ ಸುಮಾರು 12 ಕಿ.ಮೀ. ಆಗ್ನೇಯದಲ್ಲಿದೆ. ಅಲ್ಲಿಯ ವಾಸುದೇವ ತೀರ್ಥ, ಪಕ್ಕದ ಕುಂಜಾರುಗಿರಿಯ ದುರ್ಗೆ, ಬೆಟ್ಟದ ಸುತ್ತಲಿನ ಪರಶು, ಧನುಸ್, ಬಾಣ, ಗದಾ ತೀರ್ಥಗಳು ನೋಡತಕ್ಕವು. ಗಿರಿಯ ಮೆಟ್ಟಿಲುಗಳನ್ನು ಹಿರಿಯರು ಬಿಸಿಲೇರುವ ಮುನ್ನವೇ ಏರುವುದು ಒಳಿತು. ಪಾಪನಾಶಿನಿ ನದಿಗೂ ಕಡಲಿಗೂ ನಡುವಿನ ಮಟ್ಟು ಗ್ರಾಮ ಗುಳ್ಳದ ಬದನೆಗೆ ಹೆಸರಾದದ್ದು. ವಾದಿರಾಜರ ಅನುಗ್ರಹವೆಂದು ನಂಬಲಾದ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಪ್ರಯಾಣದ ವಿಚಾರಕ್ಕೆ ಬಂದರೆ, 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಬಳಿಕ ಮುಂಬಯಿಯವರಿಗೆ ಉಡುಪಿ ಒಂದು ರಾತ್ರಿಯ ದೂರವಾಯಿತು. ಪುಣೆಯವರು ಪನ್ವೇಲಿನಲ್ಲಿ ಈ ಮಾರ್ಗವನ್ನು ಹಿಡಿಯಬಹುದು. ದೆಹಲಿಯಿಂದ ಮಂಗಳಾ ಎಕ್ಸ್‌ಪ್ರೆಸ್ ಇದೆ. ಚೆನ್ನೈಯವರಿಗೆ ಪಾಲಕ್ಕಾಡಿನ ಮೇಲಿಂದ ಮಂಗಳೂರಿಗೆ ಬರುವ ರೈಲು ಅನುಕೂಲ; ಹೈದರಾಬಾದಿನವರು ಬೆಂಗಳೂರಿನ ಮಾರ್ಗವಾಗಿ ಘಟ್ಟ ಇಳಿಯಬಹುದು. ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿದೆ. ರಥಬೀದಿಗೆ ಮೂರು-ನಾಲ್ಕು ಕಿ.ಮೀ. ಜೂನ್ ಮಧ್ಯದಿಂದ ಅಕ್ಟೋಬರಿನವರೆಗೆ ಕೊಂಕಣ ಮಾರ್ಗದಲ್ಲಿ ರೈಲುಗಳ ವೇಗವನ್ನು ತಗ್ಗಿಸಿ ಮಳೆಗಾಲದ ವೇಳಾಪಟ್ಟಿಯನ್ನು ಅನುಸರಿಸುತ್ತಾರೆ. ಟಿಕೇಟಿನ ವೇಳೆಯನ್ನು ಮತ್ತೊಮ್ಮೆ ನೋಡಿಕೊಳ್ಳದೆ ಹೊರಡಬಾರದು.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ವೃದ್ಧರಿಗೂ ಮಕ್ಕಳಿಗೂ ಹಿತಕರ. ಆದರೆ ಸಮವರ್ಷಗಳ ಜನವರಿ 18ರ ಪರ್ಯಾಯದ ದಿನಗಳಲ್ಲಿ ವಸತಿ ದುರ್ಲಭ. ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ಜನ್ಮಾಷ್ಟಮಿಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. ಉಡುಪಿಯಲ್ಲಿ ಸೌರಮಾನವನ್ನು ಅನುಸರಿಸುವುದರಿಂದ ಹಬ್ಬವು ಕೆಲವು ವರ್ಷ ಒಂದು ತಿಂಗಳು ತಡವಾಗಿ ಬರುತ್ತದೆ. 2025ರಲ್ಲಿ ಚಾಂದ್ರಮಾನದವರು ಆಗಸ್ಟ್ ಮಧ್ಯದಲ್ಲಿ ಆಚರಿಸಿದರೆ, ಉಡುಪಿಯಲ್ಲಿ ಅದು ನಡೆದದ್ದು ಸೆಪ್ಟೆಂಬರ್ 14ರಂದು. ಮನೆಯ ಕ್ಯಾಲೆಂಡರನ್ನು ನಂಬಿ ಟಿಕೇಟು ಮಾಡಿಸಿದವರು ವಿಟ್ಲಪಿಂಡಿಯನ್ನು ಕಾಣದೆ ಮರಳಬೇಕಾದೀತು.

ಕಡಲಿನ ವಿಷಯದಲ್ಲಿ ಉದಾಸೀನ ಸಲ್ಲದು. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮಳೆಗಾಲದಲ್ಲಿ ದ್ವೀಪದ ದೋಣಿಗಳೂ ನಿಲ್ಲುತ್ತವೆ. ಹುಟ್ಟಿನಿಂದ ಕಡಲನ್ನು ಬಲ್ಲವರೇ ದಡದಲ್ಲಿ ನಿಲ್ಲುವ ಕಾಲದಲ್ಲಿ, ದೂರದೂರಿನಿಂದ ಬಂದವರು ಸ್ನಾನಕ್ಕೆಂದು ಇಳಿಯುವುದು ಸಾಹಸವಲ್ಲ, ಅವಿವೇಕ. ಬಿಸಿಲಿನ ದಿನಗಳಲ್ಲಿಯೂ ಜೀವರಕ್ಷಕರ ಸೂಚನೆಯನ್ನು ಮೀರಬಾರದು. ಮಕ್ಕಳ ಕೈಯನ್ನು ಬಿಡಬಾರದು.

ಮೂರು ದಿನಗಳ ಅವಕಾಶವಿದ್ದರೆ ಯಾತ್ರೆ ಸಾಂಗವಾಗುತ್ತದೆ. ಮೊದಲ ದಿನ ಚಂದ್ರಮೌಳೀಶ್ವರ, ಅನಂತೇಶ್ವರ, ಬಳಿಕ ಶ್ರೀಕೃಷ್ಣನ ದರ್ಶನ, ಸಂಜೆ ವಡಭಾಂಡೇಶ್ವರ. ಎರಡನೆಯ ದಿನ ಪಾಜಕ, ಕುಂಜಾರುಗಿರಿ, 1901ರ ದೀಪಸ್ತಂಭವಿರುವ ಕಾಪು, ಅದಮಾರು, ಪಲಿಮಾರು. ಮೂರನೆಯ ದಿನ ಉತ್ತರಕ್ಕೆ: ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಕುಂಭಾಸಿ, ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ ಇರುವ ಮರವಂತೆ, ಕೊನೆಗೆ ಕೊಲ್ಲೂರು. ಸೋದೆಗೂ ಕಾಣಿಯೂರಿಗೂ ಬೇರೆಯೇ ದಿನಗಳನ್ನು ಮೀಸಲಿಡಬೇಕು.

ಒಂದೇ ದಿನ ಇರುವವರು ಸಂಜೆಯ ಒಂದು ಗಂಟೆಯನ್ನಾದರೂ ಮಲ್ಪೆಗೆ ಕೊಡಬೇಕು. ಕೃಷ್ಣನು ಉಡುಪಿಯಲ್ಲಿ ಪಶ್ಚಿಮಾಭಿಮುಖನಾಗಿ ನಿಂತಿದ್ದಾನೆ. ಅದಕ್ಕೆ ಕನಕದಾಸರ ಭಕ್ತಿಯ ಕಥೆಯನ್ನು ಎಲ್ಲರೂ ಬಲ್ಲರು. ಆ ಪಶ್ಚಿಮದಲ್ಲಿಯೇ, ಆರು ಕಿ.ಮೀ. ಆಚೆ, ಅವನು ಬಂದ ಕಡಲೂ ಇದೆ. ಕಿಂಡಿಯಲ್ಲಿ ಅವನನ್ನು ಕಂಡ ಮಕ್ಕಳನ್ನು ಆ ದಡದಲ್ಲಿ ನಿಲ್ಲಿಸಿ, "ಮೂರ್ತಿ ಬಂದದ್ದು ಈ ದಾರಿಯಿಂದ" ಎಂದು ಮನೆಯ ಹಿರಿಯರು ಒಮ್ಮೆ ಹೇಳಿದರೆ ಸಾಕು. ಎಂಟು ಹೆಸರುಗಳು ಅವರಿಗೆ ಅಂದಿನಿಂದ ಎಂಟು ಊರುಗಳಾಗುತ್ತವೆ.

॥ ಶ್ರೀಕೃಷ್ಣಾರ್ಪಣಮಸ್ತು ॥